ಓದುವ ಪೀಠ ಯಾರದು?

ಸಂಬಳವಿಲ್ಲದ ಕೆಲಸಕ್ಕೆ ನಾವು ಸುಲಭವಾಗಿ ‘ಸೇವೆ’ ಎಂಬ ಹೆಸರಿಡುತ್ತೇವೆ. ಹಣ ಮುಟ್ಟದವನಲ್ಲಿ ಸ್ವಾರ್ಥವೂ ಇರದು ಎಂದು ನಂಬುತ್ತೇವೆ. ಕಾಸರಗೋಡಿನ ಇಗರ್ಜಿಗಳಲ್ಲಿ ಭಾನುವಾರದ ಬಲಿಪೂಜೆಗೆ ಕೂರುತ್ತಾ ಬಂದಿರುವ ನನಗೆ ಈ ನಂಬಿಕೆ ಪೂರ್ತಿ ಒಪ್ಪಿಗೆಯಾಗಿಲ್ಲ. ಹಣ ಸಿಗದ ಕಡೆ ಸ್ಥಾನ ಸಿಗುತ್ತದೆ. ಸ್ಥಾನದ ಆಸೆ ಹಣದಾಸೆಗಿಂತ ಗುಟ್ಟಾಗಿ ಬೆಳೆಯುತ್ತದೆ.

ಪೂಜೆ ಅರ್ಪಿಸುವವರು ಗುರುಗಳು. ಆದರೆ ಆ ಒಂದು ಗಂಟೆಯಲ್ಲಿ ಎಷ್ಟು ಮಂದಿ ಶ್ರೀಸಾಮಾನ್ಯರು ದುಡಿಯುತ್ತಾರೆ! ಮೇಣದ ಬತ್ತಿ ಹಿಡಿದು ನಿಲ್ಲುವ ಮಕ್ಕಳು, ಹಾಡುವವರು, ಕಾಣಿಕೆ ಸಂಗ್ರಹಿಸುವವರು, ಮೊದಲ ಎರಡು ವಾಚನಗಳನ್ನು ಓದುವವರು. ಕೆಲವೆಡೆ ಪರಮಪ್ರಸಾದ ಹಂಚಲು ನೆರವಾಗುವವರು, ಅದನ್ನು ಹಾಸಿಗೆ ಹಿಡಿದವರ ಮನೆಗೆ ಒಯ್ಯುವವರೂ ಇದ್ದಾರೆ. ಶುಭಸಂದೇಶದ ವಾಚನ ಮಾತ್ರ ಗುರುಗಳಿಗೆ ಅಥವಾ ಡೀಕನರಿಗೆ ಸೇರಿದ್ದು.

ಹಿಂದೆ ಹೀಗಿರಲಿಲ್ಲ. ಪೂಜೆ ಲ್ಯಾಟಿನಿನಲ್ಲಿ ನಡೆಯುತ್ತಿತ್ತು. ಗುರುಗಳ ಮಾತಿಗೆ ಜನರ ಪರವಾಗಿ ಪೀಠದ ಬಳಿಯ ಹುಡುಗನೇ ಉತ್ತರ ಕೊಡುತ್ತಿದ್ದ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾ ಶಾಸನ ಈ ಸ್ಥಿತಿಯನ್ನು ಬದಲಿಸಿತು. ಆರಾಧನೆಯಲ್ಲಿ ಪೂರ್ಣವಾಗಿ ಭಾಗವಹಿಸುವುದು ಜ್ಞಾನಸ್ನಾನದಿಂದಲೇ ಬಂದ ಹಕ್ಕು, ಕರ್ತವ್ಯವೂ ಹೌದು ಎಂದು ಅದು ಸಾರಿತು. 1972ರಲ್ಲಿ ಆರನೆಯ ಪೋಪ್ ಪೌಲರು ವಾಚಕ ಮತ್ತು ಪೀಠಸೇವಕ ಪದವಿಗಳನ್ನು ಗುರುಪಟ್ಟದ ದಾರಿಯಲ್ಲಿಲ್ಲದವರಿಗೂ ತೆರೆದರು. ಆದರೆ ಗಂಡಸರಿಗೆ ಮಾತ್ರ. ಹೆಂಗಸರು ಓದುತ್ತಲೇ ಇದ್ದರು, ಪದವಿ ಮಾತ್ರ ಅವರದಾಗಿರಲಿಲ್ಲ. 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸರು ಆ ತಡೆಯನ್ನು ತೆಗೆದರು. ಕೆಲಸ ಮೊದಲು, ಹೆಸರು ಎಷ್ಟೋ ಕಾಲದ ಮೇಲೆ. ಸೇವೆಯ ಚರಿತ್ರೆ ಬಹಳ ಕಡೆ ಹೀಗೆಯೇ ಇದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹಕ್ಕು ಎಲ್ಲರದಾದರೆ, ತಡವರಿಸುವವನನ್ನೂ ಓದಲು ನಿಲ್ಲಿಸಬೇಕೇ? ಹೌದು ಎಂದು ಥಟ್ಟನೆ ಹೇಳಲು ನನಗೆ ಮನಸ್ಸಾಗದು. ಕೊನೆಯ ಬೆಂಚಿನಲ್ಲಿ ಅಕ್ಷರ ಬಾರದ ಅಜ್ಜಿ ಕುಳಿತಿದ್ದಾರೆ. ಕಿವಿಗೆ ಬಿದ್ದದ್ದೇ ಅವರ ಪಾಲಿನ ಪವಿತ್ರಗ್ರಂಥ. ಸ್ಪಷ್ಟವಾಗಿ ಕೇಳುವುದು ಅವರ ಹಕ್ಕು. ಓದುವವನ ಹಕ್ಕಿಗಿಂತ ಅದು ಕಡಿಮೆಯದಲ್ಲ.

ನಮ್ಮ ತಾಳಮದ್ದಳೆಯ ಅರ್ಥಧಾರಿಯನ್ನು ನೆನೆಯಿರಿ. ಅವನು ಪದ್ಯಕ್ಕೆ ತನ್ನ ಮಾತು ಸೇರಿಸಿ ಬೆಳೆಸುತ್ತಾನೆ. ಅವನ ಜಾಣ್ಮೆ ಕಾಣಲೆಂದೇ ನಾವು ರಾತ್ರಿಯಿಡೀ ಕೂರುತ್ತೇವೆ. ಇಗರ್ಜಿಯ ವಾಚಕನಿಗೆ ಆ ಸ್ವಾತಂತ್ರ್ಯವಿಲ್ಲ. ಒಂದು ಪದವನ್ನೂ ಕೂಡಿಸದೆ, ಕಳೆಯದೆ ಅವನು ದನಿಯನ್ನಷ್ಟೇ ಕೊಡಬೇಕು. ಓದು ಮುಗಿದಾಗ ಓದಿದವನು ನೆನಪಿನಲ್ಲಿ ಉಳಿಯದೆ ವಾಕ್ಯ ಉಳಿದರೆ ಅವನ ಕೆಲಸ ಸಾರ್ಥಕ.

ಹಾಗಾದರೆ ಚೆನ್ನಾಗಿ ಓದುವ ಒಬ್ಬರೇ ಕೊನೆಯತನಕ ಓದಲಿ ಎನ್ನಬಹುದು. ಗಡಿನಾಡಿನ ಕನ್ನಡಿಗರಾದ ನಾವು ಎಚ್ಚರಗೊಳ್ಳಬೇಕಾದದ್ದು ಈ ಮಾತಿನಲ್ಲಿ. ಇಲ್ಲಿನ ಕಥೋಲಿಕರಲ್ಲಿ ಮನೆಮಾತು ಕೊಂಕಣಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಅಥವಾ ಮಲಯಾಳ ಎನ್ನುವ ಕುಟುಂಬಗಳಿವೆ. ಕನ್ನಡದ ಪೂಜೆಯಿರುವ ದಿನ ಓದಬಲ್ಲ ಎಳೆಯರನ್ನು ಹುಡುಕಬೇಕಾಗುತ್ತದೆ. ‘ನಾನು ಬಿಟ್ಟರೆ ಕನ್ನಡ ಓದುವವರೇ ಇಲ್ಲ’ ಎಂದು ಹಿರಿಯರು ಹೇಳುವಾಗ ಅದರಲ್ಲಿ ನಿಜವಾದ ನೋವಿದೆ. ಆದರೆ ಅದೇ ಮಾತಿನಲ್ಲಿ ಸಣ್ಣದೊಂದು ಹೆಮ್ಮೆಯೂ ಅಡಗಿರಬಹುದಲ್ಲವೇ? ಭಾಷೆಯ ಮೇಲಿನ ಪ್ರೀತಿಯಿಂದ ಪೀಠ ಬಿಡದವನು, ತನಗೆ ತಿಳಿಯದಂತೆಯೇ ಆ ಭಾಷೆಯ ಕೊನೆಯ ವಾಚಕನಾಗಿಬಿಡುತ್ತಾನೆ.

ಅಜ್ಜಿಯ ಹಕ್ಕಿಗೂ ಮಗುವಿನ ಹಕ್ಕಿಗೂ ಜಗಳವಿಲ್ಲ ಎಂಬುದು ನನ್ನ ನಿಲುವು. ತಡವರಿಕೆ ಹುಟ್ಟುಗುಣವಲ್ಲ, ಕಲಿಸಿದರೆ ಬಹುಪಾಲು ಹೋಗುತ್ತದೆ. ವಾಚನವನ್ನು ವಾರದ ಮೊದಲೇ ಕೊಡಬೇಕು. ಕಷ್ಟದ ಹೆಸರುಗಳನ್ನು ಹೇಳಿಕೊಡಬೇಕು. ಶನಿವಾರ ಸಂಜೆ ಖಾಲಿ ಇಗರ್ಜಿಯಲ್ಲಿ ಮಗು ಒಮ್ಮೆ ಗಟ್ಟಿಯಾಗಿ ಓದಲಿ, ಹಿರಿಯರು ಕೊನೆಯ ಬೆಂಚಿನಲ್ಲಿ ಕುಳಿತು ಕೇಳಲಿ. ಮನೆಮನೆಯ ಪರಿಚಯವಿರುವ ವಾರ್ಡಿನ ಗುರ್ಕಾರರಿಗೆ ಇಂಥ ಮಕ್ಕಳನ್ನು ಗುರುತಿಸುವುದು ಕಷ್ಟವಲ್ಲ. ಚೆನ್ನಾಗಿ ಓದಬಲ್ಲವರಿಗೆ ಅವರ ಸಾಮರ್ಥ್ಯ ತಂದೊಡ್ಡುವ ಕರ್ತವ್ಯ ಇದು: ಇನ್ನೊಬ್ಬರನ್ನು ತಯಾರು ಮಾಡುವುದು.

ಈ ಮಾತು ಇಗರ್ಜಿಗೆ ಮಾತ್ರ ಸೇರಿದ್ದಲ್ಲ. ಭಜನಾ ಮಂದಿರ, ಯಕ್ಷಗಾನ ಸಂಘ, ಊರ ವಾಚನಾಲಯ, ನಮ್ಮ ಕನ್ನಡ ಸಂಘಗಳು, ಎಲ್ಲ ಕಡೆ ಸಂಬಳವಿಲ್ಲದೆ ದುಡಿಯುವವರಿದ್ದಾರೆ. ಅವರಿಲ್ಲದೆ ಗಡಿನಾಡಿನಲ್ಲಿ ಏನೂ ಉಳಿಯುತ್ತಿರಲಿಲ್ಲ. ಅವರು ಎಷ್ಟು ವರ್ಷ ದುಡಿದರು ಎಂದು ಲೆಕ್ಕ ಹಾಕಿ ಶಾಲು ಹೊದಿಸುವುದು ನಮ್ಮ ರೂಢಿ. ಅದರ ಜೊತೆಗೆ ಎಷ್ಟು ಮಂದಿಗೆ ಆ ಕೆಲಸ ಕಲಿಸಿಕೊಟ್ಟರು ಎಂದೂ ಕೇಳಬೇಕು. ತಾನು ಕಲಿಸಿದ ಹುಡುಗಿ ಪೀಠದಲ್ಲಿ ಓದುವಾಗ ಬೆಂಚಿನಲ್ಲಿ ಕುಳಿತು ಕೇಳುವುದೂ ವಾಚಕನ ಸೇವೆಯ ಒಂದು ಭಾಗವೇ.