ಮಾಷ್ಟ್ರನ್ನು ತೂಗುವ ತಕ್ಕಡಿ

ಹತ್ತನೇ ಕ್ಲಾಸಿನ ಫಲಿತಾಂಶ ಬಂದರೆ ನಮ್ಮ ಕಡೆ ಶಾಲೆಯ ಎದುರು ಫ್ಲೆಕ್ಸ್ ಏಳುತ್ತದೆ. ಎ ಪ್ಲಸ್ ಹೆಚ್ಚಿದ್ದಲ್ಲಿ ಮಾಷ್ಟ್ರು ಒಳ್ಳೆಯವರು, ಇಲ್ಲದಿದ್ದಲ್ಲಿ ಸಾಲದು ಅಂತ ಊರು ತೀರ್ಮಾನಿಸಿಬಿಡುತ್ತದೆ. ಈ ತೂಕ ನ್ಯಾಯದ್ದೆಂದು ನನಗೆ ಅನಿಸುವುದಿಲ್ಲ.

ಎ ಪ್ಲಸ್ ಎಂದರೆ ನೂರಕ್ಕೆ 90 ಅಥವಾ ಅದಕ್ಕೂ ಮೇಲೆ. ಮಗು ಎಲ್ಲಿಗೆ ಮುಟ್ಟಿತು ಎಂಬುದನ್ನು ಅದು ಹೇಳುತ್ತದೆ. ಎಲ್ಲಿಂದ ಹೊರಟಿತು ಎಂಬುದನ್ನಲ್ಲ. ಕಾಸರಗೋಡಿನ ಕನ್ನಡ ಶಾಲೆಗೆ ಬರುವ ಮಗು ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ ಮಾತಾಡುವುದುಂಟು. ಅದಕ್ಕೆ ಕನ್ನಡ ಅಕ್ಷರ ಕೂಡಿಸಿ ಓದಲು ಕಲಿಸಿದ ಒಂದನೇ ಕ್ಲಾಸಿನ ಟೀಚರ್ ಯಾವ ಫ್ಲೆಕ್ಸಿನಲ್ಲೂ ಇರುವುದಿಲ್ಲ.

ಹಾಗಂತ ಮಾಷ್ಟ್ರನ್ನು ತೂಗಲೇಬಾರದು ಅಂತಲ್ಲ. ಸಂಬಳ ಜನರ ದುಡ್ಡು. ಹಾಳಾಗುವ ವರ್ಷ ಮಗುವಿನದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕೆಲಸವನ್ನು ಹೇಳಿದೆ: ಸಮಯಕ್ಕೆ ಬರಬೇಕು, ಪಾಠ ಮುಗಿಸಬೇಕು, ಪ್ರತಿ ಮಗುವಿನ ಕಲಿಕೆ ನೋಡಿ ಬೇಕಾದವರಿಗೆ ಹೆಚ್ಚು ಹೇಳಿಕೊಡಬೇಕು, ಹೆತ್ತವರೊಡನೆ ಮಾತಾಡಬೇಕು. ಇದರಲ್ಲಿ ಎ ಪ್ಲಸ್ಸಿನ ಸುದ್ದಿಯೇ ಇಲ್ಲ.

ಆದರೆ ಇದೆಲ್ಲಕ್ಕೂ ಮೊದಲು ಮಗುವಿನ ಮಾತು ಮಾಷ್ಟ್ರಿಗೆ ತಿಳಿಯಬೇಕಲ್ಲ! ತಾಯ್ನುಡಿಯಲ್ಲಿ ಪ್ರಾಥಮಿಕ ಪಾಠಕ್ಕೆ ಅನುಕೂಲ ಮಾಡಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಕನ್ನಡ ಬಾರದವರನ್ನು ಕನ್ನಡ ಕ್ಲಾಸಿಗೆ ಕಳಿಸಿದರೆ, ತಕ್ಕಡಿಯಲ್ಲಿ ಕೂರಬೇಕಾದವರು ಬಂದವರಲ್ಲ, ಕಳಿಸಿದವರು.

ಇನ್ನು ಶಾಲೆಗೆ ಹೋದಾಗ ಫಸ್ಟ್ ಯಾರೆಂದು ಕೇಳುವುದು ಬೇಡ. ಹಿಂದಿನ ಬೆಂಚಿನ ಮಗು ಜೂನಿನಿಂದ ಈಚೆಗೆ ಏನು ಕಲಿತಿದೆ ಅಂತ ಕೇಳೋಣ. ಅದಕ್ಕೆ ಪುಸ್ತಕ ನೋಡದೆ ಉತ್ತರ ಕೊಡುವವರೇ ನನ್ನ ಲೆಕ್ಕದಲ್ಲಿ ಒಳ್ಳೆ ಮಾಷ್ಟ್ರು.