ಆರನೆಯ ಸೂನೆ

ಗೃಹಸ್ಥನ ಮನೆಯಲ್ಲಿ ಐದು ಸೂನೆಗಳುಂಟೆಂಬುದು ಧರ್ಮಶಾಸ್ತ್ರದ ಪರಿಚಯವುಳ್ಳ ವಾಚಕರಿಗೆ ತಿಳಿದ ಸಂಗತಿಯೇ. ಸೂನಾ ಎಂದರೆ ವಧಸ್ಥಾನ, ಕಟುಕನ ಮನೆ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು-ಒನಕೆ, ನೀರಿನ ಕೊಡ: ಈ ಐದರಲ್ಲಿ ನಮ್ಮ ಇಚ್ಛೆಯಿಲ್ಲದೆಯೇ ದಿನವೂ ಕ್ರಿಮಿಕೀಟಗಳು ಸಾಯುತ್ತವೆ. ಅನ್ನ ಬೇಯಿಸದೆ, ಕಸ ಗುಡಿಸದೆ ಸಂಸಾರ ನಡೆಯದು. ಆದುದರಿಂದ ಆ ದೋಷದ ಪರಿಹಾರಕ್ಕೆ ಮನು ತನ್ನ ಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಪಂಚಮಹಾಯಜ್ಞಗಳನ್ನು ವಿಧಿಸಿದ್ದಾನೆ. ಬೀಸುವ ಕಲ್ಲು ಹೋಗಿ ಮಿಕ್ಸರ್ ಬಂದರೂ, ಕೊಡ ಹೋಗಿ ನಲ್ಲಿ ಬಂದರೂ ಈ ಐದರ ಲೆಕ್ಕ ಬದಲಾಗಿಲ್ಲವೆಂದೇ ನಾವು ತಿಳಿದಿದ್ದೆವು. ಹಾಗಲ್ಲವೆಂದು ತೋರಿಸಿಕೊಟ್ಟದ್ದು ಒಂದು ಹಕ್ಕಿ.

ನಮ್ಮ ಮನೆ ಕಳವಾದಲ್ಲಿ, ನಾಲ್ಕನೆಯ ಅಂತಸ್ತಿನಲ್ಲಿದೆ. ಪೂರ್ವಕ್ಕೆ ಪಾರಸಿಕ ಬೆಟ್ಟ. ರೈಲ್ವೆಯವರಾದ ನಮಗೆ ಆ ಬೆಟ್ಟವೆಂದರೆ 1916ರಲ್ಲಿ ತೆರೆದ ಸುರಂಗ; ಅದರ ಮೇಲೆ ಮರಗಳಿವೆ, ಮರಗಳಲ್ಲಿ ಹಕ್ಕಿಗಳಿವೆ ಎಂಬುದನ್ನು ನಿವೃತ್ತರಾದ ಮೇಲೆಯೇ ಗಮನಿಸಿದೆವು. ಕೆಲವು ವರ್ಷಗಳ ಹಿಂದೆ ಹಳೆಯ ಮರದ ಕಿಟಕಿಗಳನ್ನು ತೆಗೆಸಿ, ಬಾಲ್ಕನಿಯ ಕಡೆಗೆ ನೆಲದವರೆಗೂ ಇಳಿಯುವ ದೊಡ್ಡ ಸರಿಯುವ ಕಿಟಕಿಯನ್ನು ಹಾಕಿಸಿದೆವು. ಬಿಸಿಲು ತಡೆಯಲೆಂದು ಹೊರಮೈ ಕನ್ನಡಿಯಂತೆ ಹೊಳೆಯುವ ಗಾಜು. ಬಾಲ್ಕನಿಯಲ್ಲಿ ನಿಂತು ನೋಡಿದರೆ ಇಡೀ ಬೆಟ್ಟವೂ ಆಕಾಶವೂ ಅದರಲ್ಲಿ ಕಾಣುತ್ತಿದ್ದವು. ಬಂದವರೆಲ್ಲರೂ ಅದನ್ನು ಮೆಚ್ಚಿಕೊಂಡರು. ನಮಗೂ ಒಳಗೊಳಗೆ ಸಂತೋಷವಾಗಿತ್ತೆಂದು ಒಪ್ಪಿಕೊಳ್ಳಬೇಕು.

ಕಳೆದ ವರ್ಷದ ಜ್ಯೇಷ್ಠ ಮಾಸದಲ್ಲಿ, ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ, ನಾವು ದೇವರ ಪೂಜೆಯನ್ನು ಮುಗಿಸುತ್ತಿದ್ದಾಗ ಆ ಗಾಜಿಗೆ ಏನೋ ಬಡಿದ ಸದ್ದಾಯಿತು. ತುಳಸಿಯ ಕುಂಡದ ಪಕ್ಕದಲ್ಲಿ ಒಂದು ನವರಂಗ ಬಿದ್ದಿತ್ತು. ಹಸಿರು ಬೆನ್ನು, ಬಾಲದ ಕೆಳಗೆ ಕುಂಕುಮದ ಕೆಂಪು. ಮುಂಗಾರಿನ ಮುನ್ನ ರಾತ್ರಿಯಲ್ಲಿ ಪಯಣ ಮಾಡಿ ಈ ಕಡೆಗೆ ಬರುವ ಹಕ್ಕಿ ಅದು. ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು. ಪ್ರಾಣೋತ್ಕ್ರಮಣ ಕಾಲವೆಂದು ಬಗೆದು, ಕೈಯಲ್ಲಿದ್ದ ಉದ್ಧರಣೆಯಿಂದ ಅದರ ಬಾಯಿಗೆ ತೀರ್ಥ ಹಾಕಿದೆವು. ಸ್ವಲ್ಪ ಹೊತ್ತಿನಲ್ಲಿ ಅದು ಸತ್ತಿತು. ಕೆಳಗಿಳಿದು ಬೇವಿನ ಮರದ ಬುಡದಲ್ಲಿ ಹೂಳಿದೆವು. ಪುಣ್ಯದ ಕೆಲಸ ಮಾಡಿದೆವೆಂಬ ಭಾವವೂ ಆಗ ಇತ್ತು.

ಠಾಣೆಯ ಪಶುವೈದ್ಯರೊಬ್ಬರು ಆಮೇಲೆ ಹೇಳಿದ ಮಾತು ಈಗಲೂ ಚುಚ್ಚುತ್ತದೆ. ಪೆಟ್ಟು ತಿಂದು ಮಂಕಾದ ಹಕ್ಕಿಯ ಬಾಯಿಗೆ ನೀರು ಹಾಕಲೇಬಾರದು. ಅದು ಶ್ವಾಸನಾಳಕ್ಕೆ ಇಳಿಯಬಹುದು. ರಟ್ಟಿನ ಪೆಟ್ಟಿಗೆಗೆ ಗಾಳಿಯಾಡುವ ತೂತುಗಳನ್ನು ಮಾಡಿ, ಒಳಗೆ ಬಟ್ಟೆ ಹಾಸಿ, ಹಕ್ಕಿಯನ್ನು ಅದರಲ್ಲಿಟ್ಟು ಮುಚ್ಚಿ, ಕತ್ತಲೆಯಲ್ಲಿ ಸದ್ದಿಲ್ಲದ ಕಡೆ ಒಂದೆರಡು ಗಂಟೆ ಬಿಟ್ಟರೆ ಎಷ್ಟೋ ಹಕ್ಕಿಗಳು ತಾವಾಗಿಯೇ ಚೇತರಿಸಿಕೊಂಡು ಹಾರಿಹೋಗುತ್ತವಂತೆ. ಚೇತರಿಸದಿದ್ದರೆ ವೈದ್ಯರ ಬಳಿಗೆ ಒಯ್ಯಬೇಕು. ನಮ್ಮ ನವರಂಗ ಗಾಜಿನಿಂದ ಸತ್ತಿತೋ ತೀರ್ಥದಿಂದ ಸತ್ತಿತೋ ನಾವು ಹೇಳಲಾರೆವು.

ಇಷ್ಟಾದ ಮೇಲೂ ಗಾಜು ಹಾಗೆಯೇ ಇತ್ತು. ಈ ವರ್ಷದ ಫಾಲ್ಗುನದಲ್ಲಿ ಅದೇ ಸ್ಥಳದಲ್ಲಿ ಒಂದು ಪಿಕಳಾರ ಬಡಿದು ಬಿದ್ದು ತಕ್ಷಣವೇ ಸತ್ತಿತು. ನಮ್ಮ ಮನೆಯವರು ಅದನ್ನು ನೋಡಿ, “ಹಿಂದಿನದು ತಿಳಿಯದೆ ಆಯಿತು ಅಂದಿರಿ. ಇದಕ್ಕೆ ಏನು ಹೇಳುತ್ತೀರಿ?” ಎಂದರು. ನಾವು ಏನೂ ಹೇಳಲಿಲ್ಲ.

ಧರ್ಮಶಾಸ್ತ್ರವು ಅಜ್ಞಾನಕೃತ ಪಾಪಕ್ಕೂ ಜ್ಞಾನಕೃತ ಪಾಪಕ್ಕೂ ಭೇದವನ್ನು ಮಾಡುತ್ತದೆ. ಮಹಾಭಾರತದಲ್ಲಿ ಅಣಿಮಾಂಡವ್ಯನು, ಬಾಲ್ಯದಲ್ಲಿ ಕೀಟಗಳನ್ನು ಹುಲ್ಲಿನಿಂದ ಚುಚ್ಚಿದ ತಪ್ಪಿಗೆ ಶೂಲದ ಶಿಕ್ಷೆ ಅತಿಯಾಯಿತೆಂದು ಯಮಧರ್ಮನನ್ನೇ ಶಪಿಸಿ, ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾಪವಾಗದೆಂದು ಮರ್ಯಾದೆ ಹಾಕಿದನು. ಅರವತ್ತು ದಾಟಿದ ನಮಗೆ ಆ ಮರ್ಯಾದೆಯ ಆಶ್ರಯವಿಲ್ಲ. ಮೊದಲ ಹಕ್ಕಿ ಸಾಯುವಾಗ ನಮಗೆ ತಿಳಿದಿರಲಿಲ್ಲ. ಅದು ಸತ್ತದ್ದರಿಂದಲೇ ತಿಳಿಯಿತು. ಎರಡನೆಯದು ನಮ್ಮ ಒಂಬತ್ತು ತಿಂಗಳ ಆಲಸ್ಯದ ಫಲ.

ಹಕ್ಕಿಗೆ ಅದರ ಪ್ರಾರಬ್ಧ ಎಂದು ಒಬ್ಬ ಮಿತ್ರರು ಸಮಾಧಾನ ಹೇಳಿದರು. ಜೀವನು ಅಸ್ವತಂತ್ರನೆಂಬುದು ನಿಜ. ಆದರೆ ಅಸ್ವತಂತ್ರನಾದರೂ ಕರ್ತೃವೇ, ಅಲ್ಲವಾದರೆ ವಿಧಿನಿಷೇಧಗಳಿಗೆ ಅರ್ಥವೇ ಇಲ್ಲ. ಅಪಘಾತದ ಕಾರಣವೆಂದು ಪ್ರಾರಬ್ಧವನ್ನು ಬರೆದ ತನಿಖಾ ವರದಿಯನ್ನು ನಮ್ಮ ಇಡೀ ನೌಕರಿಯಲ್ಲಿ ಒಂದನ್ನೂ ನೋಡಲಿಲ್ಲ. ಏಕೆ ಆಯಿತು, ಮತ್ತೆ ಆಗದಂತೆ ಏನು ಮಾಡಬೇಕು ಎಂಬ ಎರಡೇ ಪ್ರಶ್ನೆಗಳು.

ಏಕೆ ಆಗುತ್ತದೆಂಬುದಕ್ಕೆ ಸಭಾಪರ್ವದಲ್ಲಿಯೇ ದೃಷ್ಟಾಂತವಿದೆ. ಮಯನು ಕಟ್ಟಿದ ಸಭೆಯಲ್ಲಿ ದುರ್ಯೋಧನನು ಸ್ಫಟಿಕದ ತಡೆಯನ್ನು ತೆರೆದ ಬಾಗಿಲೆಂದು ಭ್ರಮಿಸಿ ಹಣೆ ಒಡೆಸಿಕೊಂಡನು. ಗಾಜಿನಲ್ಲಿ ಪ್ರತಿಬಿಂಬಿಸಿದ ಮರವನ್ನು ಹಕ್ಕಿ ಮರವೆಂದೇ ತಿಳಿಯುತ್ತದೆ; ಇಲ್ಲವೆ ಗಾಜಿನಾಚೆ ಕಾಣುವ ಇನ್ನೊಂದು ಕಿಟಕಿಯ ಬೆಳಕನ್ನು ದಾರಿಯೆಂದು ತಿಳಿಯುತ್ತದೆ. ದುರ್ಯೋಧನನು ನಡೆದು ತಾಗಿದ್ದರಿಂದ ಬದುಕಿಕೊಂಡ. ಹಕ್ಕಿ ಹಾರುವ ವೇಗದಲ್ಲಿ ತಾಗುತ್ತದೆ.

ಇದು ಗಗನಚುಂಬಿಗಳ ದೋಷವೆಂದು ನಾವು ಎಣಿಸಿದ್ದೆವು. ಅಮೇರಿಕದಲ್ಲಿ 2014ರಲ್ಲಿ ಪ್ರಕಟವಾದ ಗಣನೆಯಂತೆ ಆ ದೇಶವೊಂದರಲ್ಲಿಯೇ ವರ್ಷಕ್ಕೆ ಸುಮಾರು 36 ಕೋಟಿಯಿಂದ 98 ಕೋಟಿ ಹಕ್ಕಿಗಳು ಕಟ್ಟಡಗಳಿಗೆ ಬಡಿದು ಸಾಯುತ್ತವೆ. ಅದರಲ್ಲಿ ಅತ್ಯುನ್ನತ ಕಟ್ಟಡಗಳ ಪಾಲು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಮಿಕ್ಕುದೆಲ್ಲವೂ ಸಾಮಾನ್ಯ ಮನೆಗಳು ಮತ್ತು ಹನ್ನೊಂದು ಅಂತಸ್ತಿನೊಳಗಿನ ಕಟ್ಟಡಗಳದು. ನಮ್ಮ ಖಾಡಿಯ ಕೆಳಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ತಾಣವಾಯಿತು. 2024ರ ಮೇ 20ರ ರಾತ್ರಿ ಘಾಟಕೋಪರದ ಮೇಲೆ ವಿಮಾನವೊಂದಕ್ಕೆ ತಾಗಿ 39 ಫ್ಲೆಮಿಂಗೊಗಳು ಸತ್ತಾಗ ನಾವೆಲ್ಲರೂ ಮರುಗಿದೆವು. ವಿಮಾನದ ದಾರಿ ನಮ್ಮ ಕೈಯಲ್ಲಿಲ್ಲ, ಕಿಟಕಿ ಇದೆ.

ಇನ್ನು ಪರಿಹಾರ. ಶಿಕಾಗೋ ನಗರದ ಸರೋವರತೀರದ ಮೆಕಾರ್ಮಿಕ್ ಪ್ಲೇಸ್ ಎಂಬ ಸಭಾಭವನಕ್ಕೆ 2023ರ ಅಕ್ಟೋಬರದಲ್ಲಿ ಒಂದೇ ರಾತ್ರಿ ಸಾವಿರಕ್ಕೆ ಸಮೀಪದಷ್ಟು ವಲಸೆ ಹಕ್ಕಿಗಳು ಬಡಿದು ಸತ್ತವು. ಮರುವರ್ಷ ಅದರ ಗಾಜಿಗೆಲ್ಲ ಚುಕ್ಕಿಗಳುಳ್ಳ ತೆಳುಪೊರೆಯನ್ನು ಅಂಟಿಸಿದರು, ಸಾವು ಶೇ. 90ಕ್ಕೂ ಮಿಕ್ಕಿ ಇಳಿಯಿತು. ಚುಕ್ಕಿಗಳು ಗಾಜಿನ ಹೊರಮೈಯಲ್ಲಿರಬೇಕು, ಅವುಗಳ ನಡುವೆ 5 ಸೆಂಟಿಮೀಟರಿಗಿಂತ ಹೆಚ್ಚು ಅಂತರವಿರಬಾರದು. ಒಳಗೆ ಪರದೆ ಎಳೆದರೆ ಸಾಕೆಂದು ನಾವು ವಾದಿಸಿದ್ದೆವು. ಪ್ರತಿಬಿಂಬ ಇರುವುದೇ ಹೊರಗೆ, ಪರದೆ ಅದನ್ನು ಮುಚ್ಚುವುದಿಲ್ಲ. ಗಿಡುಗನ ಚಿತ್ರವೊಂದನ್ನು ಅಂಟಿಸಿದರೂ ವ್ಯರ್ಥ, ಹಕ್ಕಿ ಅದರ ಪಕ್ಕದಲ್ಲಿ ಬಂದು ಬಡಿಯುತ್ತದೆ. ಗಾಜಿನ ಹೊರಗೆ ಬಿಗಿಯಾಗಿ ಕಟ್ಟಿದ ಬಲೆಯೂ ಕೆಲಸ ಮಾಡುತ್ತದೆ. ಸಡಿಲವಾದದ್ದರಲ್ಲಿ ಹಕ್ಕಿಯ ಕಾಲು ಸಿಕ್ಕಿಕೊಳ್ಳುತ್ತದೆ.

ಇಷ್ಟನ್ನು ನಾವು ಓದಿ ಹೇಳಿದಾಗ ನಮ್ಮ ಮನೆಯವರು ನಕ್ಕರು. ಚುಕ್ಕಿ ಇಡುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಸರಿಯುವ ಗಾಜುಗಳನ್ನು ಚೌಕಟ್ಟಿನಿಂದ ಎತ್ತಿಸಿ, ಹಜಾರದಲ್ಲಿ ವೃತ್ತಪತ್ರಿಕೆಗಳ ಮೇಲೆ ಮಲಗಿಸಿ, ಹೊರಮೈಗೆ ಬಿಳಿಯ ಬಣ್ಣದಿಂದ ಚುಕ್ಕಿ ಇಟ್ಟೆವು. ನಾವು ಅಳತೆಪಟ್ಟಿ ಹಿಡಿದೆವು, ಅವರು ಕಣ್ಣಳತೆಯಲ್ಲಿ ಇಟ್ಟರು. ನಮ್ಮ ಸಾಲುಗಳೇ ಸೊಟ್ಟಗಾದವು. ಎರಡು ದಿನ ಹಿಡಿಯಿತು. ಬೆಟ್ಟ ಈಗ ಮೊದಲಿನಂತೆ ಹೊಳೆಯುವುದಿಲ್ಲ. ಬಂದವರು ಗಾಜಿಗೇನಾಯಿತೆಂದು ಕೇಳುತ್ತಾರೆ.

ಈ ಜ್ಯೇಷ್ಠದಲ್ಲಿ ನಮ್ಮ ಕಿಟಕಿಗೆ ಯಾವ ಹಕ್ಕಿಯೂ ಬಡಿಯಲಿಲ್ಲ. ಒಂದು ವರ್ಷದ ಅನುಭವದಿಂದ ನಿರ್ಣಯ ಹೇಳಬಾರದು. ಆದರೆ ಐದು ಸೂನೆಗಳಿಗೂ ಇದಕ್ಕೂ ಇರುವ ಅಂತರ ಮಾತ್ರ ನಮಗೆ ಸ್ಪಷ್ಟವಾಗಿದೆ. ಒಲೆ ಹಚ್ಚದೆ ಗತಿಯಿಲ್ಲ, ಆದ್ದರಿಂದ ಅದಕ್ಕೆ ನಿಷ್ಕೃತಿ. ತಪ್ಪಿಸಲು ಬರುವುದನ್ನು ತಪ್ಪಿಸದೆ ಕಾಕಬಲಿ ಇಡುತ್ತ ಕುಳಿತರೆ ಅದನ್ನು ನಿಷ್ಕೃತಿಯೆನ್ನಲು ನಮ್ಮ ಮನಸ್ಸು ಒಪ್ಪಲಿಲ್ಲ.

ನಮ್ಮ ಕಟ್ಟಡದ ಮೆಟ್ಟಿಲುಗಳ ಪಕ್ಕದ ಉದ್ದನೆಯ ಗಾಜು ಹಾಗೆಯೇ ಇದೆ. ಅದು ಸೊಸೈಟಿಗೆ ಸೇರಿದ್ದು. “ಕಾಕಾ, ಎಲ್ಲರ ಒಪ್ಪಿಗೆ ಬೇಕಾಗುತ್ತದೆ” ಎಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಅರ್ಜಿ ಬರೆದು ಕೊಟ್ಟಿದ್ದೇವೆ. ಬರುವ ಭಾನುವಾರ ಸಭೆ ಇದೆ. ಖರ್ಚಿನ ಪ್ರಶ್ನೆ ಎದ್ದರೆ ಬಣ್ಣ ನಮ್ಮದೆಂದು ಹೇಳಲು ಮನೆಯವರ ಅಪ್ಪಣೆಯಾಗಿದೆ.