ಆ ಬೆರಳುಗಳು ಯಾರವು?


ಇಂದಿನ ಧಮ್ಮ ಚಿಂತನೆ



ಕಳೆದ ಭಾನುವಾರದ ಓದಿನಲ್ಲಿ ಅಂಗುಲಿಮಾಲನ ಪ್ರಸಂಗ ಬಂದಿತ್ತು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಸೇರಿಸಿರುವ ಪ್ರಸಂಗ ಅದು. ನಾನು ತರಗತಿಯಲ್ಲಿ ಹೇಳುವ ಹಾಗೆ ಸ್ವಲ್ಪ ರಂಗುಗೊಳಿಸಿಯೇ ಹೇಳಿದೆ. ಎಲ್ಲರೂ ಸಾಧು ಸಾಧು ಅಂದರು. ಹಿಂದೆ ಗೋಡೆಗೆ ಒರಗಿ ಕೂತಿದ್ದ ಅಜ್ಜಿಯೊಬ್ಬರು ಮಾತ್ರ, "ಅದೆಲ್ಲ ಸರಿ ಮೇಷ್ಟ್ರೇ, ಆ ಬೆರಳು ಯಾರ್ಯಾರವೋ, ಅವರ ಮನೆಯವರ ಗತಿ ಏನಾಯ್ತು?" ಅಂದರು.

ಇಷ್ಟು ವರ್ಷ ಆ ಕಥೆ ಹೇಳಿದ್ದೇನೆ. ಒಮ್ಮೆಯೂ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ಮನೆಗೆ ಬಂದು ಮಜ್ಝಿಮ ನಿಕಾಯದ ಅಂಗುಲಿಮಾಲ ಸುತ್ತವನ್ನು ಮತ್ತೆ ಓದಿದೆ. ಆ ಮನೆಯವರು ಅಲ್ಲಿ ಪೂರ್ತಿ ಇಲ್ಲವೆಂದಲ್ಲ. ಪಸೇನದಿ ರಾಜನ ಅರಮನೆ ಬಾಗಿಲಲ್ಲಿ ಜನ ಸೇರಿ ಕೂಗುತ್ತಾರೆ, ಇವನನ್ನು ಹಿಡಿಯಿರಿ ಎಂದು. ರಾಜ ಐನೂರು ಕುದುರೆ ಸವಾರರೊಂದಿಗೆ ಹೊರಡುತ್ತಾನೆ. ದಾರಿಯಲ್ಲಿ ಬುದ್ಧನ ಬಳಿ, ತಲೆ ಬೋಳಿಸಿಕೊಂಡು ಭಿಕ್ಖುವಾಗಿ ಕೂತ ಅಂಗುಲಿಮಾಲನನ್ನು ಕಂಡು, ಚೀವರ ಕೊಡಿಸಲೇ ಎಂದು ಕೇಳಿ ಹಿಂತಿರುಗುತ್ತಾನೆ. ಬಾಗಿಲಲ್ಲಿ ನಿಂತಿದ್ದ ಆ ಜನಕ್ಕೆ ಏನು ಹೇಳಿದ? ಸುತ್ತದಲ್ಲಿ ಇಲ್ಲ. ಮುಂದೆ ಅಂಗುಲಿಮಾಲ ಭಿಕ್ಷೆಗೆ ಹೋದಾಗ ಹೆಂಟೆ, ಕೋಲು, ಬೋಕಿ ಬಿಲ್ಲೆ ಬಿದ್ದು ತಲೆ ಒಡೆದು ರಕ್ತ ಸುರಿಯುತ್ತದೆ. ಅದನ್ನು ಕರ್ಮಫಲವೆಂದು ಓದುವುದು ರೂಢಿ. ನನಗೋ ಈಗ, ಯಾರೂ ಕೇಳಿಸಿಕೊಳ್ಳದ ಅಹವಾಲು ಕಲ್ಲಾಗಿ ಬಂತೇನೋ ಅನ್ನಿಸುತ್ತದೆ. ಇದು ನನ್ನ ಊಹೆ, ಸುತ್ತದ ಮಾತಲ್ಲ.

ಇನ್ನೊಂದು ಸಂಗತಿಯನ್ನು ನಾವು ಹೆಚ್ಚು ಹೇಳುವುದೇ ಇಲ್ಲ. ವಿನಯ ಪಿಟಕದ ಮಹಾವಗ್ಗದಲ್ಲಿದೆ. ಅಂಗುಲಿಮಾಲ ಸಂಘಕ್ಕೆ ಸೇರಿದ ಮೇಲೆ ಜನ ಅವನನ್ನು ಕಂಡು ಹೆದರಿದರು, ಬೇರೆ ದಾರಿ ಹಿಡಿದು ಓಡಿದರು, ದೂರಿದರು. ಬುದ್ಧ ಆ ದೂರನ್ನು ಕೇಳಿಸಿಕೊಂಡು, ಇನ್ನು ಮುಂದೆ ಹೆಸರಾಂತ ದರೋಡೆಕೋರರಿಗೆ ಪಬ್ಬಜ್ಜೆ ಕೊಡಬೇಡಿ ಎಂದು ನಿಯಮ ಮಾಡಿದ. ಬದಲಾದ ಒಬ್ಬನನ್ನು ಹೊರಗೆ ಹಾಕಲಿಲ್ಲ. ಹೆದರಿದವರ ಭಯವನ್ನು ಸುಳ್ಳು ಎನ್ನಲೂ ಇಲ್ಲ.

ಅಜ್ಜಿಯ ಪ್ರಶ್ನೆ ನನ್ನನ್ನು ಯಾಕೆ ಇಷ್ಟು ಚುಚ್ಚಿತು ಎಂದರೆ, ನಮ್ಮ ಮನೆಯಲ್ಲೇ ಈಗ ಎರಡು ಕೇಸುಗಳಿವೆ.

ಒಂದು ನನ್ನ ಚಿಕ್ಕಪ್ಪನದು. ಹೋಟೆಲಿನಲ್ಲಿ ಬೇರೆ ಲೋಟ ಯಾಕೆ ಎಂದು ಕೇಳಿದ್ದಕ್ಕೆ ಹೊಡೆದರು, ಕೈ ಮುರಿಯಿತು. ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕೇಸಾಯಿತು. ಆರೋಪಿಗಳಿಗೆ ಜಾಮೀನಾದದ್ದು ಚಿಕ್ಕಪ್ಪನಿಗೆ ಗೊತ್ತಾದದ್ದು ಬಸ್ ನಿಲ್ದಾಣದಲ್ಲಿ ಹೊಡೆದ ಪಟಾಕಿ ಸದ್ದಿನಿಂದ. ಆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಸೇರಿದ 15ಎ ಕಲಂ ಪ್ರಕಾರ ನೊಂದವರಿಗೆ ಮೊದಲೇ ನೋಟಿಸು ಕೊಡಬೇಕು, ಜಾಮೀನಿನ ವಿಚಾರಣೆಯಲ್ಲಿ ಅವರ ಮಾತು ಕೇಳಬೇಕು. ಹಾಗೆ ಕೇಳದೆ ಕೊಟ್ಟ ಜಾಮೀನನ್ನು ಸುಪ್ರೀಂ ಕೋರ್ಟ್ 2021ರಲ್ಲಿ ರದ್ದು ಮಾಡಿದ್ದೂ ಇದೆ. ನಮಗೆ ಯಾವ ಕಾಗದವೂ ಬರಲಿಲ್ಲ.

ಇನ್ನೊಂದು ನನ್ನ ಅಕ್ಕನ ಮಗನದು. ಮೊಬೈಲ್ ಕದ್ದ ಆರೋಪ, ಜೊತೆಗೆ ಇನ್ನೊಂದು ಕೇಸನ್ನೂ ತಗುಲಿಸಿದ್ದಾರೆ. ಎಂಟು ತಿಂಗಳಿನಿಂದ ಒಳಗಿದ್ದಾನೆ. ಜಾಮೀನು ಮಂಜೂರಾಗಿದೆ, ನಿಲ್ಲುವವರಿಲ್ಲ. ಪಹಣಿ ಇರುವವರು ಬೇಕಂತೆ. ನಮ್ಮ ಕೇರಿಯಲ್ಲಿ ಪಹಣಿ ಇರುವವರು ಎಷ್ಟು ಮಂದಿ? ಚಿಕ್ಕಪ್ಪನನ್ನು ಹೊಡೆದವರ ಪರವಾಗಿ ಪಹಣಿ ಹಿಡಿದು ನಿಂತವರಿಗೆ ಲೆಕ್ಕವಿರಲಿಲ್ಲ.

ಒಂದೇ ವಾರದಲ್ಲಿ ಒಬ್ಬರೇ ವಕೀಲರ ಮುಂದೆ ಕೂತು, ಅವರಿಗೆ ಜಾಮೀನು ಹೇಗೆ ಕೊಟ್ಟರು ಎಂದು ಕೂಗಾಡಿದೆ. ಇವನಿಗೆ ಜಾಮೀನು ಹಕ್ಕಲ್ಲವೇ ಎಂದೂ ಕೂಗಾಡಿದೆ. ಅವರು ನಕ್ಕು, "ಮೇಷ್ಟ್ರೇ, ಕಾನೂನು ಬಿಗಿಯಾಗಬೇಕೋ ಸಡಿಲವಾಗಬೇಕೋ, ಒಂದು ಹೇಳಿ" ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಎರಡು ನಾಲಿಗೆಯವನೇ?

ಯೋಚಿಸಿದಷ್ಟೂ ಬಿಗಿ, ಸಡಿಲ ಎಂಬ ಪ್ರಶ್ನೆಯೇ ನಮಗೆ ಹೊಂದುವುದಿಲ್ಲ ಅನ್ನಿಸಿತು. ದೇಶದ ಜೈಲುಗಳಲ್ಲಿ ಸುಮಾರು ನಾಲ್ವರಲ್ಲಿ ಮೂವರು ಇನ್ನೂ ವಿಚಾರಣೆ ಮುಗಿಯದವರು. ಅವರಲ್ಲಿ ನಮ್ಮವರ ಪಾಲು ಜನಸಂಖ್ಯೆಯಲ್ಲಿರುವ ಪಾಲಿಗಿಂತ ಹೆಚ್ಚು. ಜನರ ಸುರಕ್ಷತೆಗಾಗಿ ಎಂದು ಬಿಗಿ ಮಾಡಿದ ಪ್ರತಿ ಹಗ್ಗವೂ ಮೊದಲು ನಮ್ಮ ಹುಡುಗರ ಕೈಗೇ ಬೀಳುತ್ತದೆ. 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಮೊದಲ ಸಲ ಸಿಕ್ಕಿಬಿದ್ದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗಿದ್ದರೆ ಬಾಂಡ್ ಮೇಲೆ ಬಿಡಬೇಕೆಂದಿದೆ. ಒಳ್ಳೆಯದೇ. ಆದರೆ ಒಂದಕ್ಕಿಂತ ಹೆಚ್ಚು ಕೇಸಿದ್ದರೆ ಅದು ಅನ್ವಯಿಸದು. ಎರಡನೇ ಕೇಸು ಹಾಕುವುದು ಎಷ್ಟು ಸುಲಭ ಎಂದು ಕೇರಿಯವರಿಗೆ ಹೇಳಿಕೊಡಬೇಕೇ?

ಇನ್ನು ಸಾರ್ವಜನಿಕ ಸುರಕ್ಷತೆ ಅನ್ನುವಾಗ ಆ ಸಾರ್ವಜನಿಕರು ಯಾರು? ಊರಲ್ಲಿ ಗಲಾಟೆಯಾದ ತಕ್ಷಣ ಶಾಂತಿ ಸಭೆ ಕರೆಯುತ್ತಾರೆ. ಅಲ್ಲಿ ಶಾಂತಿ ಅಂದರೆ ನೊಂದವನು ರಾಜಿ ಕಾಗದಕ್ಕೆ ಸಹಿ ಹಾಕುವುದು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಮರಕುಂಬಿಯಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆಯಾಯಿತೆಂದು ನಾವು ಗುಂಪಿನಲ್ಲಿ ಸುದ್ದಿ ಹಂಚಿದೆವಲ್ಲ, 2014ರ ಘಟನೆಗೆ ಆ ತೀರ್ಪು ಬಂದದ್ದು 2024ರ ಅಕ್ಟೋಬರಿನಲ್ಲಿ. ಹತ್ತು ವರ್ಷ ಅದೇ ಊರಲ್ಲಿ, ಅದೇ ಬೀದಿಯಲ್ಲಿ ಸಾಕ್ಷಿ ಹೇಳುವವರು ಬದುಕಬೇಕು. ಶಿಕ್ಷೆ ಎಷ್ಟು ವರ್ಷ ಎನ್ನುವುದಕ್ಕಿಂತ ಈ ಹತ್ತು ವರ್ಷ ನನ್ನನ್ನು ಹೆಚ್ಚು ಕಾಡುತ್ತದೆ.

ಚಿಕ್ಕಪ್ಪನನ್ನೇ ಕೇಳಿದೆ, ನಿನಗೇನಾಗಬೇಕು ಎಂದು. "ಅವರು ಜೈಲಲ್ಲೇ ಕೊಳೀಲಿ ಅಂತ ನಾನಂದಿಲ್ಲ ಕಣಪ್ಪ. ಬಿಡೋಕೆ ಮುಂಚೆ ನನ್ನ ಒಂದ್ಮಾತು ಕೇಳ್ಬೇಕಿತ್ತು. ಕೇಸು ಮುಗಿಯೋವರ್ಗೂ ನಮ್ಮ ಬೀದಿಗೆ ಕಾಲಿಡ್ಬೇಡಿ ಅಂತ ಹೇಳ್ಬೇಕಿತ್ತು" ಅಂದ. ಅಕ್ಕನ ಮಗನನ್ನು ಬಿಟ್ಟರೆ ಆ ಮೊಬೈಲ್ ಕಳೆದುಕೊಂಡ ಹುಡುಗಿಗೆ ಯಾವ ಅಪಾಯವೂ ಇಲ್ಲ. ಆದರೂ ಅವಳನ್ನೂ ಯಾರಾದರೂ ಕೇಳಬೇಕಿತ್ತು. ನಾನೂ ಕೇಳಿಲ್ಲ. ಅವಳ ತಿಂಗಳ ಕೂಲಿ ಆ ಫೋನಿಗೆ ಹೋಗಿತ್ತೆಂದು ಮೊನ್ನೆ ತಾನೇ ತಿಳಿಯಿತು.

ಅಂದರೆ ಜಾಮೀನು ಇಬ್ಬರಿಗೂ ಸಿಗಬಹುದು. ಒಬ್ಬನಿಗೆ ಪಹಣಿ ಇಲ್ಲದೆಯೂ ಸಿಗಬೇಕು. ಇನ್ನೊಬ್ಬನಿಗೆ ನೊಂದವನ ಮುಖ ನೋಡದೆ ಸಿಗಬಾರದು. ವಕೀಲರಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. 15ಎ ಅಡಿಯಲ್ಲಿ ಸಾಕ್ಷಿ ರಕ್ಷಣೆಗೂ, ಓಡಾಟದ ಖರ್ಚಿಗೂ ಅರ್ಜಿ ಹಾಕೋಣ ಅಂದಿದ್ದಾರೆ.

ಮುಂದಿನ ಭಾನುವಾರ, ಸಿಂಹ ಸೇನಾಪತಿ ಶಿಕ್ಷೆಯ ಬಗ್ಗೆ ಬುದ್ಧನನ್ನು ಕೇಳುವ ಭಾಗ ಓದೋಣ. ಅಜ್ಜಿ ತಪ್ಪದೆ ಬರಬೇಕು. ಚಿಕ್ಕಪ್ಪನ ಕೇಸಿನ ವಾಯಿದೆ ಮಂಗಳವಾರ. ಆ ಕಡೆಯಿಂದ ಜೀಪು ತುಂಬ ಜನ ಬರುತ್ತಾರೆ. ಬಿಡುವಿದ್ದವರು ಹತ್ತು ಗಂಟೆಗೆ ಕೋರ್ಟ್ ಬಳಿ ಬನ್ನಿ.

ಜೈ ಭೀಮ್.